ಒಪ್ಪಿಕೊಂಡ ಸೇವೆಯನ್ನು ಮುಗಿಸುವುದು ಹೇಗೆ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸಭೆಗಳವರ ಚರ್ಚೆ

ಮಾಲೂರು ಸಂಡೇಸ್ಕೂಲ್

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಮ್ಮ ಕಡೆಯ ಸಭೆಗಳಲ್ಲಿ ಸೇವೆ ಶುರು ಮಾಡುವವರಿಗೆ ಬರವಿಲ್ಲ. ಬೇಸಿಗೆಯ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ) ಮುಗಿದ ಹುರುಪಿನಲ್ಲಿ ಹಳ್ಳಿಯೊಂದರಲ್ಲಿ ಮಕ್ಕಳ ಕೂಟ ಆರಂಭವಾಗುತ್ತದೆ. ರಾಗಿ ಕೊಯ್ಲಿನ ಹೊತ್ತಿಗೆ ಅದು ನಿಂತಿರುತ್ತದೆ. ಇನ್ನೊಂದು ಕಡೆ, ವರ್ಷಗಟ್ಟಲೆ ಒಂದೇ ತರಗತಿ, ಒಂದೇ ಗಾಯನ ತಂಡ, ಒಂದೇ ಲೆಕ್ಕದ ಪುಸ್ತಕ ಹೊತ್ತುಕೊಂಡು, ಇಳಿಸಲೂ ಆಗದೆ ಹೊರಲೂ ಆಗದೆ ಬತ್ತಿಹೋದವರಿದ್ದಾರೆ. ಓಟವನ್ನು ಮುಗಿಸಿದ್ದೇನೆ ಎಂದು ಪೌಲ 2 ತಿಮೊಥೆಯ 4:7ರಲ್ಲಿ ಬರೆಯುವಾಗ ಅವನಿಗಿದ್ದ ತೃಪ್ತಿ ಈ ಇಬ್ಬರಿಗೂ ಸಿಕ್ಕಿಲ್ಲ.

ಒಂದು ಸೇವೆ ಮುಗಿಯಿತು ಎಂದು ತಿಳಿಯುವುದು ಹೇಗೆ? ಮುರಿದು ಬೀಳದಂತೆ ಇನ್ನೊಬ್ಬರ ಕೈಗೆ ಕೊಡುವುದು ಹೇಗೆ? ಸಭೆಯಲ್ಲಿ ಯಾವ ಜವಾಬ್ದಾರಿಯೂ ಇಲ್ಲದೆ ಹೊಲ, ಕಾರ್ಖಾನೆ, ಮನೆ ನೋಡಿಕೊಳ್ಳುವವರಿಗೆ ದೇವರು ಕೊಟ್ಟ ಕರೆ ಯಾವುದು? ಪ್ರಸಂಗ ಕೇಳಿದ್ದೇವೆ. ಮಾಡಲು ಬರುವಂಥದ್ದನ್ನು, ಎಲ್ಲಿ ಕೆಡುತ್ತದೆ ಎಂಬುದನ್ನು ಬರೆದರೆ ಉಪಕಾರ.

ಗುಬ್ಬಿ ರಸ್ತೆ

ಸಹೋದರಿ, ನಿಮ್ಮ ಮೊದಲನೆಯ ಪ್ರಶ್ನೆಗೆ ಅಪೊಸ್ತಲರ ಕೃತ್ಯಗಳು 13 ಮತ್ತು 14ನೇ ಅಧ್ಯಾಯಗಳನ್ನು ಒಟ್ಟಿಗೆ, ಒಂದೇ ಸಲ ಕೂತು ಓದಿ. 13:2ರಲ್ಲಿ ಪವಿತ್ರಾತ್ಮನು ಬಾರ್ನಬನನ್ನೂ ಸೌಲನನ್ನೂ (ಇವನೇ ಪೌಲ) ಒಂದು ಕೆಲಸಕ್ಕೆ ಕರೆಯುತ್ತಾನೆ. 14:26ರಲ್ಲಿ ಅವರು ಆ ಕೆಲಸವನ್ನು ಮುಗಿಸಿ ಅಂತಿಯೋಕ್ಯಕ್ಕೆ ಹಿಂದಿರುಗುತ್ತಾರೆ. ಆರಂಭವಿದೆ, ಅಂತ್ಯವಿದೆ, ನಡುವೆ ದಾರಿಯಿದೆ. ಪೌಲನ ಅಪೊಸ್ತಲತನ ಅಲ್ಲಿಗೆ ಮುಗಿಯಲಿಲ್ಲ. ಆ ಕೆಲಸ ಮುಗಿಯಿತು. ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳದಿರುವುದೇ ನಮ್ಮ ಸಭೆಗಳ ದೊಡ್ಡ ತೊಂದರೆ. ಕ್ರಿಸ್ತನಿಗೆ ಸೇರಿದವರಾಗಿ ಬದುಕುವ ಕರೆ ಸಾಯುವವರೆಗೂ ಇದೆ. ಶನಿವಾರ ಸಂಜೆಯ ಮಕ್ಕಳ ಕೂಟ ಸಾಯುವವರೆಗೂ ಇರಬೇಕಾಗಿಲ್ಲ.

ಅವರು ಮುಗಿಸಿದ ಕ್ರಮ ಗಮನಿಸಿ. ದೆರ್ಬೆ ಕೊನೆಯ ಊರು. ಅಲ್ಲಿಂದ ಪೂರ್ವಕ್ಕೆ ಹೋಗಿದ್ದರೆ ಪೌಲನ ಸ್ವಂತ ಊರಾದ ತಾರ್ಸದ ದಾರಿ ಸಿಗುತ್ತಿತ್ತು. ಆದರೂ ಬಂದ ದಾರಿಯಲ್ಲೇ ಹಿಂದಿರುಗಿ, ಕಲ್ಲೆಸೆತ ತಿಂದ ಲುಸ್ತ್ರಕ್ಕೂ ಹೋಗುತ್ತಾರೆ. ಶಿಷ್ಯರನ್ನು ದೃಢಪಡಿಸುತ್ತಾರೆ, ಪ್ರತಿ ಸಭೆಗೂ ಹಿರಿಯರನ್ನು ನೇಮಿಸುತ್ತಾರೆ, ಉಪವಾಸದಿಂದ ಪ್ರಾರ್ಥಿಸಿ ಅವರನ್ನು ಕರ್ತನಿಗೆ ಒಪ್ಪಿಸುತ್ತಾರೆ (14:21–23). ಆಮೇಲೆ ಕಳುಹಿಸಿದ ಸಭೆಯನ್ನು ಸೇರಿಸಿ ನಡೆದದ್ದನ್ನೆಲ್ಲ ವರದಿ ಮಾಡುತ್ತಾರೆ (14:27). ವರದಿ ಒಪ್ಪಿಸುವವರೆಗೂ ಕೆಲಸ ಮುಗಿದಿಲ್ಲ ಎಂದು ತಿಳಿಯಬೇಕು.

ಹಾಗಾಗಿ ಯಾವುದೇ ಸೇವೆ ಒಪ್ಪಿಕೊಳ್ಳುವ ಮುಂಚೆ ಒಂದು ಹಾಳೆಯಲ್ಲಿ ಐದು ಸಾಲು ಬರೆಯಿರಿ: ಯಾವ ಕೆಲಸ, ಯಾರಿಗಾಗಿ, ಎಂದಿನವರೆಗೆ, ಜೊತೆಗೆ ಯಾರು, ಖರ್ಚು ಎಲ್ಲಿಂದ. ಅವಧಿ ಒಂದು ವರ್ಷಕ್ಕಿಂತ ಹೆಚ್ಚು ಹಾಕಬೇಡಿ, ಬೇಕಾದರೆ ಮುಂದುವರಿಸಬಹುದು. ಹಾಳೆ ಎರಡು ಪ್ರತಿ: ಒಂದು ನಿಮ್ಮ ಬೈಬಲಿನಲ್ಲಿ, ಇನ್ನೊಂದು ಅಯ್ಯನವರ (ಸಭೆಯ ಬೋಧಕರ) ಕೈಯಲ್ಲಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ ಎಂದು ಕರ್ತನು ಹೇಳಿದ ಮಾತು (ಲೂಕ 14:28) ಇಂಥ ಹಾಳೆಗೆ ನೇರವಾಗಿ ಹೊಂದುತ್ತದೆ.

ತಿಪಟೂರು ತೆಂಗು

ಅಣ್ಣ, ಒಪ್ಪಲು ಕಷ್ಟ. ದೇವರ ವರಗಳೂ ಕರೆಯೂ ಹಿಂತೆಗೆಯುವಂಥವಲ್ಲ ಎಂದು ರೋಮಾಪುರ 11:29 ಹೇಳುತ್ತದೆ. ಅವಧಿ ಹಾಕಿ ಸೇವೆ ಮಾಡುವುದು ಗುತ್ತಿಗೆ ಕೆಲಸದ ಹಾಗಾಗುತ್ತದೆ. ಕಷ್ಟ ಬಂದಾಗ ಅವಧಿ ಮುಗಿಯಿತು ಎಂದು ಹೇಳಿ ಜಾರಿಕೊಳ್ಳುವವರಿಗೆ ದಾರಿ ಮಾಡಿಕೊಟ್ಟಂತೆ. ಪೌಲನ ಜೊತೆಗಾರ ದೇಮ ಅವನನ್ನು ಬಿಟ್ಟುಹೋದದ್ದೂ (2 ತಿಮೊಥೆಯ 4:10) ಹೀಗೆ ತಾನೆ?

ಗುಬ್ಬಿ ರಸ್ತೆ

ನಿಮ್ಮ ಭಯ ನ್ಯಾಯವಾದದ್ದು. ಆದರೆ ರೋಮಾಪುರ 11ರಲ್ಲಿ ಪೌಲ ಮಾತಾಡುತ್ತಿರುವುದು ಇಸ್ರಾಯೇಲಿನ ಮೇಲೆ ದೇವರಿಟ್ಟ ಕರೆಯ ಬಗ್ಗೆ. ಒಬ್ಬರು ಒಂದು ಹುದ್ದೆಯಲ್ಲಿ ಎಷ್ಟು ವರ್ಷ ಇರಬೇಕೆಂಬುದರ ಬಗ್ಗೆ ಅಲ್ಲ. ಅವಧಿಯನ್ನು ದೇವರೇ ಹಾಕಿದ ಉದಾಹರಣೆ ಅರಣ್ಯಕಾಂಡ 8:24–26ರಲ್ಲಿದೆ. ದೇವರ ಗುಡಾರದ ಸೇವೆಗೆ ನೇಮಕವಾದ ಕುಲದವರಾದ ಲೇವಿಯರು 25ನೇ ವಯಸ್ಸಿಗೆ ಆ ಕೆಲಸಕ್ಕೆ ಸೇರಬೇಕು, 50ಕ್ಕೆ ಬಿಡಬೇಕು. (4ನೇ ಅಧ್ಯಾಯದಲ್ಲಿ ಹೊರೆ ಹೊರುವವರನ್ನು ಲೆಕ್ಕ ಮಾಡುವಾಗ ಆರಂಭದ ವಯಸ್ಸು 30.) ಐವತ್ತಾದ ಮೇಲೆ ಮನೆಗೆ ಕಳುಹಿಸುವುದಿಲ್ಲ, ತಮ್ಮ ಸಹೋದರರಿಗೆ ನೆರವಾಗಬಹುದು, ಭಾರದ ಕೆಲಸ ಮಾತ್ರ ಅವರದ್ದಲ್ಲ. ನಮ್ಮಲ್ಲಿ ಈ ನಡುವಿನ ಜಾಗವೇ ಇಲ್ಲ. ಒಂದೋ ಕಾರ್ಯದರ್ಶಿ, ಇಲ್ಲವೇ ಹಿಂದಿನ ಬೆಂಚು. ಅದಕ್ಕೇ ಯಾರೂ ಕುರ್ಚಿ ಬಿಡುವುದಿಲ್ಲ.

ದಾವೀದನನ್ನು ನೋಡಿ. ದೇವಾಲಯ ಕಟ್ಟುವ ಆಸೆ ಅವನದು, ಅಪ್ಪಣೆ ಅವನಿಗಿಲ್ಲ. ಚಿನ್ನ, ಬೆಳ್ಳಿ, ಕಬ್ಬಿಣ, ದೇವದಾರು ಮರ ಕೂಡಿಸಿಟ್ಟು, ನಕ್ಷೆಯನ್ನು ಸೊಲೊಮೋನನ ಕೈಗೆ ಕೊಟ್ಟ (1 ಪೂರ್ವಕಾಲವೃತ್ತಾಂತ 22 ಮತ್ತು 28). ದಾವೀದನು ತನ್ನ ತಲೆಮಾರಿನಲ್ಲಿ ದೇವರ ಸಂಕಲ್ಪಕ್ಕೆ ಸೇವೆಮಾಡಿ ನಿದ್ರೆಹೋದನು ಎಂದು ಅಪೊಸ್ತಲರ ಕೃತ್ಯಗಳು 13:36 ಹೇಳುವಾಗ, ಕಟ್ಟದ ದೇವಾಲಯವನ್ನು ಅವನ ಕೊರತೆಯಾಗಿ ಬರೆದಿಲ್ಲ.

ಜಾರಿಕೊಳ್ಳುವುದಕ್ಕೂ ಮುಗಿಸುವುದಕ್ಕೂ ಗುರುತು ಸುಲಭ. ಜಾರಿಕೊಳ್ಳುವವರು ಬೀಗದ ಕೈ, ರಿಜಿಸ್ಟರು, ಲೆಕ್ಕ ಯಾರಿಗೂ ಒಪ್ಪಿಸಿರುವುದಿಲ್ಲ. ಮೂರು ಭಾನುವಾರ ಬರದೇ ಇದ್ದಾಗ ಗೊತ್ತಾಗುತ್ತದೆ. ಮುಗಿಸುವವರು ಮೂರು ತಿಂಗಳ ಮುಂಚೆಯೇ ತಿಳಿಸಿರುತ್ತಾರೆ.

ತಿಪಟೂರು ತೆಂಗು

ಲೇವಿಯರ ವಿಷಯ ಒಪ್ಪಿದೆ. ಆದರೆ ಅವಧಿ ಮುಗಿಯುವ ಮುಂಚೆ ಬಿಡಬಾರದು ಎಂಬುದನ್ನೂ ಆ ಹಾಳೆಯಲ್ಲಿ ಬರೆಸಿ. ಇನ್ನೊಂದು ಮಾತು: ಅರ್ಖಿಪ್ಪನು ಕರ್ತನಲ್ಲಿ ಹೊಂದಿದ ಸೇವೆಯನ್ನು ನೆರವೇರಿಸಬೇಕೆಂಬ ಎಚ್ಚರಿಕೆ ಕೊಲೊಸ್ಸೆ 4:17ರಲ್ಲಿದೆಯಲ್ಲ, ಪೌಲ ಅದನ್ನು ಅವನಿಗೇ ನೇರವಾಗಿ ಬರೆಯಲಿಲ್ಲ. ಅವನಿಗೆ ಹೇಳಿರಿ ಎಂದು ಸಭೆಗೆ ಬರೆದ. ಅಂದರೆ ಒಬ್ಬರ ಸೇವೆ ಅರ್ಧಕ್ಕೆ ನಿಲ್ಲುತ್ತಿದ್ದರೆ ಹೋಗಿ ಕೇಳುವುದು ಸಭೆಯ ಕೆಲಸ. ನಮ್ಮಲ್ಲಿ ಬೆನ್ನ ಹಿಂದೆ ಮಾತಾಡುತ್ತೇವೆ, ಮನೆಗೆ ಹೋಗಿ ಕೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಪಾಸ್ಟರೇಟ್ ಕಮಿಟಿಯವರು (ಸಭೆಯ ಆಡಳಿತ ನೋಡುವವರು) ಇಬ್ಬರು ಹೋಗಿ, ಲೆಕ್ಕ ಕೇಳುವುದಕ್ಕಲ್ಲದೆ, ಏನು ಭಾರವಾಗಿದೆ, ಯಾವುದಕ್ಕೆ ಜನ ಬೇಕು ಎಂದು ಕೇಳಿಬಂದರೆ ಎಷ್ಟೋ ಸೇವೆ ಉಳಿಯುತ್ತವೆ.

ಚಿಂತಾಮಣಿ ಅಕ್ಕ

ಸಂಡೇ ಸ್ಕೂಲ್ ಹಸ್ತಾಂತರದ ಬಗ್ಗೆ ಬರೆಯುತ್ತೇನೆ. ಅತಿ ಹೆಚ್ಚು ಮುರಿಯುವುದು ಅದೇ.

ಹಸ್ತಾಂತರಕ್ಕೆ 12 ಭಾನುವಾರ ಇಟ್ಟುಕೊಳ್ಳಿ. ಮೊದಲ 4 ವಾರ ಹೊಸಬರು ಬಂದು ಕೂತು ನೋಡುತ್ತಾರೆ, ಮಕ್ಕಳ ಹೆಸರು ಕಲಿಯುತ್ತಾರೆ, ಹಾಜರಿ ಹಾಕುತ್ತಾರೆ. ಮುಂದಿನ 4 ವಾರ ಹಾಡು ಮತ್ತು ಬಾಯಿಪಾಠದ ವಚನ ಅವರದು, ಪಾಠ ಹಳಬರದು. ಕೊನೆಯ 4 ವಾರ ಎಲ್ಲವೂ ಹೊಸಬರದು. ಹಳಬರು ಹಿಂದೆ ಕೂತಿರುತ್ತಾರೆ, ಮಕ್ಕಳ ಮುಂದೆ ಬಾಯಿ ಬಿಡುವುದಿಲ್ಲ. ಹೇಳಬೇಕಾದದ್ದನ್ನು ಮಕ್ಕಳು ಹೋದ ಮೇಲೆ ಹೇಳುತ್ತಾರೆ, ಒಂದು ಸಲಕ್ಕೆ ಒಂದೇ ವಿಷಯ. ಹದಿಮೂರನೇ ವಾರದಿಂದ ಹಳಬರು ಆ ಕೋಣೆಗೆ ಹೋಗುವುದಿಲ್ಲ. ಕೆಡುವುದು ಇಲ್ಲೇ. ಹಳಬರು ಬಾಗಿಲಲ್ಲಿ ನಿಂತರೆ ಮಕ್ಕಳ ಕಣ್ಣು ಅತ್ತ ಹೋಗುತ್ತದೆ, ಹೊಸಬರ ಕೈ ನಡುಗುತ್ತದೆ, ಎರಡು ತಿಂಗಳಲ್ಲಿ ಅವರೂ ಬಿಡುತ್ತಾರೆ.

ಕೈಗೆ ಕೊಡಬೇಕಾದವು: ಹಾಜರಿ ಪುಸ್ತಕ, ಮುಗಿದ ಪಾಠಗಳ ಪಟ್ಟಿ, ತಂದೆ ತಾಯಿಯರ ಫೋನ್ ನಂಬರು, ಕಪಾಟಿನ ಬೀಗದ ಕೈ, ಉಳಿದ ಕಾಣಿಕೆ ಹಣ, ಮತ್ತು ಯಾವ ಮಗುವಿಗೆ ಮೂರ್ಛೆ ಬರುತ್ತದೆ, ಯಾವ ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಯಾವ ಮಗುವನ್ನು ಅಜ್ಜಿ ಬಂದರೆ ಮಾತ್ರ ಕಳುಹಿಸಬೇಕು ಎಂಬ ಮಾಹಿತಿ. ಈ ಕೊನೆಯದು ಸಾಮಾನ್ಯವಾಗಿ ಹಳಬರ ತಲೆಯಲ್ಲಿ ಮಾತ್ರ ಇರುತ್ತದೆ. ಬರೆದು ಕೊಡಿ.

45 ನಿಮಿಷದ ತರಗತಿಗೆ ಹಾಡು 5, ಹಿಂದಿನ ವಚನ 5, ಪಾಠ 15, ಚಿತ್ರ ಅಥವಾ ಅಭಿನಯ 10, ಪ್ರಾರ್ಥನೆ 5, ಹಾಜರಿ ಮತ್ತು ಕಳುಹಿಸುವುದು 5. ಪಾಠ 15 ದಾಟಿದರೆ ಆರೇಳು ವರ್ಷದವರು ಎದ್ದು ಓಡಾಡುತ್ತಾರೆ. ಅದು ಮಕ್ಕಳ ತಪ್ಪಲ್ಲ. ಒಬ್ಬ ಶಿಕ್ಷಕರಿಗೆ 10–12 ಮಕ್ಕಳು ಸಾಕು. ಎಷ್ಟೇ ಚಿಕ್ಕ ಗುಂಪಾದರೂ ದೊಡ್ಡವರು ಇಬ್ಬರಿರಬೇಕು, ಬಾಗಿಲು ತೆರೆದಿರಬೇಕು. ಮಗುವಿಗೆ ಲೈಂಗಿಕ ಕಿರುಕುಳವಾಗಿದೆ ಎಂದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಕಡ್ಡಾಯ. ಸಭೆಯ ಮರ್ಯಾದೆ ಎಂದು ಒಳಗೇ ಮುಚ್ಚುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098.

ನಮ್ಮ ಕಡೆಗೆ ಸೇರಿದ ಒಂದು ವಿಷಯ. ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು, ಪಾವಗಡದಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಕೆ.ಜಿ.ಎಫ್. ಕಡೆ ತಮಿಳು. ಕನ್ನಡದಲ್ಲಿ ಓದಲು ಕಷ್ಟಪಡುವ ಮಗುವಿನ ಕೈಗೆ ಬೈಬಲ್ ಕೊಟ್ಟು ಎಲ್ಲರ ಮುಂದೆ ಓದಿಸಿದರೆ ಮುಂದಿನ ವಾರ ಅದು ಬರುವುದಿಲ್ಲ. ಕಥೆಯನ್ನು ಮನೆಮಾತಿನಲ್ಲಿ ಹೇಳಿ, ವಚನವನ್ನು ಕನ್ನಡದಲ್ಲಿ ಕಲಿಸಿ. ಶಿಕ್ಷಕರನ್ನು ಆರಿಸುವಾಗ ಎರಡು ಭಾಷೆ ಬರುವವರನ್ನು ಮೊದಲು ನೋಡಿ, ಕಂಠ ಚೆನ್ನಾಗಿದೆಯೇ ಎಂಬುದನ್ನು ಆಮೇಲೆ.

ಬಂಗಾರಪೇಟೆ ಯುವಜನ

ಅಕ್ಕ, ಒಪ್ಪಿಸೋಣ ಎಂದರೆ ತೆಗೆದುಕೊಳ್ಳುವವರೇ ಇಲ್ಲವಲ್ಲ? ಡಿಗ್ರಿ ಮುಗಿದ ಕೂಡಲೇ ಎಲ್ಲರೂ ಬೆಂಗಳೂರಿಗೆ.

ಚಿಂತಾಮಣಿ ಅಕ್ಕ

ತಮ್ಮಾ, ಸಭೆಯಲ್ಲಿ ಎದ್ದು ನಿಂತು ಯಾರಾದರೂ ಬನ್ನಿ ಎಂದು ಕರೆದರೆ ಯಾರೂ ಬರುವುದಿಲ್ಲ. ಒಬ್ಬರ ಹೆಸರು ಹಿಡಿದು, ಒಂದೇ ಕೆಲಸ, ಆರು ವಾರಕ್ಕೆ ಎಂದು ಕೇಳಿ. 2 ತಿಮೊಥೆಯ 2:2ರಲ್ಲಿ ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವವರು ಎಂದು ನಾಲ್ಕು ತಲೆಮಾರು ಒಂದೇ ವಾಕ್ಯದಲ್ಲಿದ್ದಾರೆ. ಆದ್ದರಿಂದ ಸೇವೆ ಶುರುವಾದ ದಿನದಿಂದಲೇ ಎರಡನೆಯವರು ಜೊತೆಗಿರಬೇಕು. ಬಿಡುವ ವರ್ಷ ಹುಡುಕಿದರೆ ಸಿಗುವುದಿಲ್ಲ. ಹತ್ತನೇ ತರಗತಿಯ ಹುಡುಗಿಗೆ ಹಾಜರಿ ಪುಸ್ತಕ ಕೊಡಿ. ಊರು ಬಿಡುವ ಮುಂಚೆ ಎರಡು ವರ್ಷ ಸಿಗುತ್ತಾಳೆ, ಹೋದ ಊರಿನಲ್ಲಿ ಆ ಸಭೆಗೆ ಸಿಗುತ್ತಾಳೆ. ಅದನ್ನು ನಷ್ಟವೆಂದು ಎಣಿಸಬೇಡಿ.

ಇಷ್ಟಾದರೂ ಯಾರೂ ಸಿಗದಿದ್ದರೆ ತಿಂಗಳಿಗೆ ನಾಲ್ಕು ಇದ್ದದ್ದನ್ನು ಎರಡು ಮಾಡಿ. ಅದೂ ಆಗದಿದ್ದರೆ ಪಕ್ಕದ ಸಭೆಯ ತರಗತಿಗೆ ಸೇರಿಸಿ, ಪೋಷಕರಿಗೆ ತಿಳಿಸಿ, ಪ್ರಾರ್ಥನೆ ಮಾಡಿ ಮುಚ್ಚಿ. ಗೌರವದಿಂದ ಮುಚ್ಚಿದ ಸೇವೆಯೂ ಮುಗಿದ ಸೇವೆಯೇ.

ವಾರ್ಡಿನ ದಾದಿ

ಕೋಲಾರದಲ್ಲಿ ಇ.ಟಿ.ಸಿ.ಎಂ., ಚಿಕ್ಕಬಳ್ಳಾಪುರದಲ್ಲಿ ಸಿ.ಎಸ್.ಐ. ಎಂಬ ಮಿಷನ್ ಆಸ್ಪತ್ರೆಗಳು ಇರುವುದರಿಂದ ನಮ್ಮ ಸಭೆಗಳಲ್ಲಿ ರೋಗಿಗಳ ಭೇಟಿ ಹಳೆಯ ಸೇವೆ. ಸೇವೆಯ ಹೆಸರಿನಲ್ಲಿ ರೋಗಿಗೆ ತೊಂದರೆಯಾಗುವುದೂ ಉಂಟು, ಅದಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಳಗೆ ಹೋಗುವ ಮುಂಚೆ ಡ್ಯೂಟಿ ಸಿಸ್ಟರನ್ನು ಕೇಳಿ. ನಿಮಗೇ ಜ್ವರ ಕೆಮ್ಮು ಇದ್ದರೆ ಹೋಗಬೇಡಿ. ಕೈ ತೊಳೆದು ಒಳಗೆ, ಕೈ ತೊಳೆದು ಹೊರಗೆ. ಇಬ್ಬರಿಗಿಂತ ಹೆಚ್ಚು ಬೇಡ. ಮಂಚದ ಮೇಲೆ ಕೂರಬೇಡಿ. ಹೊಲಿಗೆ ಹಾಕಿದ ಹೊಟ್ಟೆಗೆ ಮಂಚ ಅಲುಗಿದರೂ ನೋವು. ಏನು ಕಾಯಿಲೆ ಎಂದು ಕೇಳಬೇಡಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಬೇಡವೆಂದರೆ ನಗುಮುಖದಿಂದಲೇ ಬೇರೆ ಮಾತಾಡಿ ಬನ್ನಿ. ಬೇಕೆಂದರೆ ಒಂದು ಚಿಕ್ಕ ವಚನ, ಪಕ್ಕದ ಮಂಚಕ್ಕೆ ಕೇಳಿಸದಷ್ಟು ಮೆಲ್ಲಗೆ ಒಂದೆರಡು ನಿಮಿಷದ ಪ್ರಾರ್ಥನೆ. ಒಟ್ಟು ಭೇಟಿ 7ರಿಂದ 10 ನಿಮಿಷ. ಮಾತ್ರೆ ನಿಲ್ಲಿಸಿ, ನಂಬಿಕೆ ಸಾಕು ಎಂದು ಯಾವ ಕಾರಣಕ್ಕೂ ಹೇಳಬೇಡಿ: ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ, ಕ್ಷಯದವರು ನಡುವೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದ ಹಾಗೆ ಬೆಳೆಯಬಹುದು. ಹಣ್ಣು, ಸಿಹಿ, ಎಳನೀರು ತರುವ ಮುಂಚೆ ಕೇಳಿ. ಕಿಡ್ನಿ ತೊಂದರೆ ಇರುವವರಿಗೆ ಎಳನೀರು, ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂ ಆಗಿಬರುವುದಿಲ್ಲ. ಫೋಟೋ ತೆಗೆಯಬಾರದು. ರೋಗಿ ಒಪ್ಪದೆ ಹೆಸರನ್ನು ವಾಟ್ಸಾಪ್ ಪ್ರಾರ್ಥನಾ ಗುಂಪಿಗೆ ಹಾಕಬಾರದು.

ಮುಗಿಸುವ ವಿಚಾರ. ಆಸ್ಪತ್ರೆಯಿಂದ ಹೊರಟ ಮೇಲೆ, ಅವರು ಬಯಸಿದರೆ, ಮನೆಗೆ ಒಂದು ಭೇಟಿ. ಎದ್ದು ಓಡಾಡುತ್ತಿದ್ದರೆ ಅಲ್ಲಿಗೆ ಆ ಭೇಟಿ ಮುಗಿಯಿತು. ಅವರನ್ನು ನಮಗೆ ಋಣಿಗಳನ್ನಾಗಿ ಮಾಡಿಕೊಳ್ಳಬಾರದು. ತೀರಿಕೊಂಡರೆ ಕೆಲಸ ಮುಗಿದಿಲ್ಲ. ಮನೆಯವರನ್ನು ಮಣ್ಣಿನ ದಿನ ಎಲ್ಲರೂ ನೋಡುತ್ತಾರೆ, ಮೂರನೇ ತಿಂಗಳು ಯಾರೂ ನೋಡುವುದಿಲ್ಲ. ಆ ಮೂರನೇ ತಿಂಗಳ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಒಂದು ಮಂಚದ ಪಕ್ಕ ಕೂತು ಎದ್ದು ಬರುವಾಗ ಆ ವಾರ್ಡಿನಲ್ಲಿ ಇನ್ನೂ ಇಪ್ಪತ್ತು ಮಂಚಗಳಿರುತ್ತವೆ. ಇದು ಈ ಸೇವೆ ಮಾಡುವವರನ್ನು ಒಳಗೇ ಕೊರೆಯುತ್ತದೆ. ಯೋಹಾನ 17:4ರಲ್ಲಿ ಕರ್ತನು, ನೀನು ಕೊಟ್ಟ ಕೆಲಸವನ್ನು ನೆರವೇರಿಸಿದ್ದೇನೆ ಎಂದು ತಂದೆಗೆ ಹೇಳಿದ ರಾತ್ರಿ ಗಲಿಲಾಯದಲ್ಲಿ, ಯೂದಾಯದಲ್ಲಿ ವಾಸಿಯಾಗದ ರೋಗಿಗಳು ಇದ್ದೇ ಇದ್ದರು. ಕೊಟ್ಟ ಕೆಲಸ ಎಂಬ ಆ ಎಲ್ಲೆಯೊಳಗೆ ಆತನು ಪೂರೈಸಿದನು. ನಮಗೆ ಆತನಿಗಿಂತ ದೊಡ್ಡ ಎಲ್ಲೆ ಇಲ್ಲ.

ಶಿಡ್ಲಘಟ್ಟ ಚಂದ್ರಿಕೆ

ಮೂರನೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಸಭೆಯ ಹುದ್ದೆ ಇಲ್ಲದವರೇ ನಮ್ಮಲ್ಲಿ ಹೆಚ್ಚು.

1 ಕೊರಿಂಥ 7:17–24ರಲ್ಲಿ ಪೌಲ, ದೇವರು ಕರೆದಾಗ ಯಾವ ಸ್ಥಿತಿಯಲ್ಲಿದ್ದೆಯೋ ಅದರಲ್ಲೇ ದೇವರ ಮುಂದೆ ನಡೆ ಎನ್ನುತ್ತಾನೆ (ದಾಸನಿಗೆ ಬಿಡುಗಡೆ ಸಿಗುವುದಾದರೆ ಪಡೆದುಕೊ ಎಂದೂ ಅಲ್ಲೇ ಹೇಳುತ್ತಾನೆ). ಕೊಲೊಸ್ಸೆ 3:23, ಮನುಷ್ಯರಿಗಾಗಿ ಎಂದಲ್ಲ, ಕರ್ತನಿಗಾಗಿ ಎಂದು ಮನಃಪೂರ್ವಕವಾಗಿ ಮಾಡಿರಿ ಎಂಬ ಮಾತು, ಬೋಧಕರಿಗೆ ಬರೆದದ್ದಲ್ಲ, ದಾಸರಿಗೆ ಬರೆದದ್ದು. ಹಾಗಾದರೆ ಟೊಮೆಟೊ ಬೆಳೆಯುವವರ ಕರೆ ತೋಟದಲ್ಲೇ ಇದೆ, ಅಲ್ಲೇ ಅದನ್ನು ಪೂರೈಸಬೇಕು. ಕೋಲಾರದ ಮಾರುಕಟ್ಟೆಗೆ ಹೋಗುವ 15 ಕೆ.ಜಿ. ಬಾಕ್ಸಿನಲ್ಲಿ ಮೇಲೆ ದಪ್ಪ ಹಣ್ಣು, ಕೆಳಗೆ ಗೋಲಿಯಂಥ ಸಣ್ಣ ಹಣ್ಣು ತುಂಬುವುದು ಜ್ಞಾನೋಕ್ತಿ 11:1ರ ಮೋಸದ ತಕ್ಕಡಿಯೇ. ಔಷಧಿ ಹೊಡೆದ ಮೇಲೆ ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ದಿನ ಬಿಟ್ಟೇ ಕೀಳಬೇಕು. ರೇಟು ಏರಿದೆ ಎಂದು ಮಾರನೇ ದಿನವೇ ಕಿತ್ತರೆ ತಿನ್ನುವ ನೆರೆಯವನಿಗೆ ಕೇಡು. ಕೂಲಿಯನ್ನು ಅಂದಂದೇ ಹೊತ್ತು ಮುಳುಗುವ ಮುಂಚೆ ಕೊಡಬೇಕು ಎಂದು ಧರ್ಮೋಪದೇಶಕಾಂಡ 24:15 ಹೇಳುತ್ತದೆ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬ 5:4. ಹಣ್ಣು ಮಾರಿದ ಮೇಲೆ ಕೊಡುತ್ತೇನೆ ಎಂಬುದು ನಮ್ಮ ಕಡೆ ರೂಢಿ. ಸಭೆಯವರು ಅದನ್ನು ಬಿಟ್ಟರೆ ಊರಿಗೇ ತಿಳಿಯುತ್ತದೆ.

ಕಡೆಯವರೆಗೂ ಮಾಡುವ ವಿಷಯಕ್ಕೆ ನಮ್ಮ ಕಸುಬಿನಿಂದ ಒಂದು ಮಾತು. ರೇಷ್ಮೆ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚನ್ನು ತಿನ್ನುವುದು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲಿನ ಏಳೆಂಟು ದಿನದಲ್ಲಿ. ಮೊದಲ ಹದಿನೈದು ದಿನ ಬುಟ್ಟಿಗಟ್ಟಲೆ ಸೊಪ್ಪು ಸಾಕಾಗುತ್ತದೆ, ಕೊನೆಗೆ ಹೊರೆಗಟ್ಟಲೆ ಬೇಕು. ಅಷ್ಟು ಸೊಪ್ಪಿಲ್ಲದೆ ಮೊಟ್ಟೆ ಇಳಿಸಿದವರಿಗೆ ತೆಳ್ಳನೆಯ ಗೂಡು ಸಿಗುತ್ತದೆ. ಸೇವೆಯೂ ಹಾಗೆಯೇ. ಕೊನೆಯ ಘಟ್ಟ, ಅಂದರೆ ಹಸ್ತಾಂತರ, ವರದಿ, ಲೆಕ್ಕ, ಮುನಿಸಿಕೊಂಡವರ ಜೊತೆ ರಾಜಿ, ಹೆಚ್ಚು ಶಕ್ತಿ ಬೇಡುವ ಘಟ್ಟ. ಅದಕ್ಕೆ ಸಮಯ ಉಳಿಸಿಕೊಳ್ಳದೆ ಯೋಜನೆ ಮಾಡಬೇಡಿ.

ಮಾರಿಕುಪ್ಪಂ ಲೋಕಲ್

ಶಿಡ್ಲಘಟ್ಟದ ಅಣ್ಣ ಹೇಳಿದ್ದಕ್ಕೆ ಸೇರಿಸುತ್ತೇನೆ. ಕೆ.ಜಿ.ಎಫ್. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಇಲ್ಲಿನ ಸಭೆಗಳ ದುಡಿಯುವ ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರಾದರು. ಗಣಿಯ ಪಾಳಿ ಇದ್ದಾಗ ಮಾಡಿದ ಸಮಯಪಟ್ಟಿ ಇಂಥವರಿಗೆ ಹೊಂದುವುದಿಲ್ಲ. ವಾರದ ನಡುವಿನ ಸಂಜೆ 7 ಗಂಟೆಯ ಕೂಟಕ್ಕೆ ಬರಲಿಲ್ಲ ಎಂದು ಅವರನ್ನು ಸೋಮಾರಿಗಳೆಂದು ಎಣಿಸುವುದು ಅನ್ಯಾಯ. ಅವರಿಗೆ ಕೊಡುವ ಜವಾಬ್ದಾರಿ ಭಾನುವಾರಕ್ಕೆ ಅಥವಾ ಫೋನಿನಲ್ಲಿ ಮಾಡುವಂಥದ್ದಾಗಿರಲಿ: ವಾಚನ, ಕಾಣಿಕೆ ಎಣಿಕೆ, ಒಬ್ಬ ವೃದ್ಧರಿಗೆ ವಾರಕ್ಕೊಂದು ಕರೆ. ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಬಂದು, ಏಳುವ ಮುಂಚೆ ಹೋಗುವ ತಂದೆಗೆ ಭಾನುವಾರ ಮಧ್ಯಾಹ್ನವೂ ಸಭೆಯ ಮೀಟಿಂಗ್ ಇಟ್ಟರೆ ಅವನ ಮೊದಲ ಕರೆಯನ್ನು ನಾವೇ ಕೆಡಿಸಿದಂತೆ. 1 ತಿಮೊಥೆಯ 3:5 ಮನೆಯಿಂದಲೇ ಶುರು ಮಾಡುತ್ತದೆ. ಒಬ್ಬರಿಗೆ ಒಂದೇ ಹುದ್ದೆ ಎಂಬ ನಿಯಮ ಹಾಕಿ. ಖಜಾಂಚಿಯೇ ಗಾಯನ ತಂಡದ ನಾಯಕ, ಅವರೇ ಸಂಡೇ ಸ್ಕೂಲ್ ಮೇಲ್ವಿಚಾರಕರು ಆದರೆ ಮೂರೂ ಅರ್ಧವಾಗುತ್ತವೆ.

ಮಾಲೂರು ಸಂಡೇಸ್ಕೂಲ್

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದೇ ಕೇಳುವುದಿದೆ. ಕಾಯಿಲೆಯಿಂದ, ವರ್ಗಾವಣೆಯಿಂದ ನಡುವೆಯೇ ನಿಲ್ಲಿಸಬೇಕಾದವರು ಕರೆಯನ್ನು ಪೂರೈಸಲಿಲ್ಲ ಎಂಬ ಕೊರಗಿನಲ್ಲಿ ಕೂತುಬಿಡುತ್ತಾರೆ. ಅವರಿಗೆ ಏನು ಹೇಳಬೇಕು?

ಗುಬ್ಬಿ ರಸ್ತೆ

ಎಪಫ್ರೊದೀತನ ವಿಷಯವನ್ನು ಫಿಲಿಪ್ಪಿ 2:25–30ರಲ್ಲಿ ಓದಿ ಹೇಳಿ. ಪೌಲನ ಸೇವೆಗೆಂದು ಸಭೆ ಕಳುಹಿಸಿದವನು ಸಾಯುವ ಹಾಗೆ ಕಾಯಿಲೆ ಬಿದ್ದ. ಪೌಲ ಅವನನ್ನು ಹಿಂದಕ್ಕೆ ಕಳುಹಿಸುತ್ತಾ, ಸಂತೋಷದಿಂದ ಸೇರಿಸಿಕೊಳ್ಳಿರಿ, ಇಂಥವರನ್ನು ಮಾನ್ಯರೆಂದು ಎಣಿಸಿರಿ ಎಂದು ಪತ್ರ ಬರೆದ. ಹಿಂದಿರುಗಿದವರಿಗೆ ಸಭೆ ಮಾಡಬೇಕಾದದ್ದು ಇದೇ. ಮುಂದಿನ ಭಾನುವಾರ ಅವರ ಹೆಸರು ಹೇಳಿ ಸ್ತೋತ್ರ ಸಲ್ಲಿಸಿ. ಯಾಕೆ ಬಿಟ್ಟಿರಿ ಎಂದು ವಿಚಾರಣೆ ಮಾಡಬೇಡಿ.

ನಮ್ಮ ಗುಬ್ಬಿಯ ಚರಿತ್ರೆಯಲ್ಲೇ ಇದಿದೆ. ವೆಸ್ಲಿಯನ್ ಮಿಷನ್ನಿನಿಂದ 1839ರಲ್ಲಿ ಹೊರಟು ಗುಬ್ಬಿಯಲ್ಲಿ ಸೇವೆಗೆ ನಿಂತ ವಿಲಿಯಂ ಆರ್ಥರ್, ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಿದರು. ಆಗ ಅವರಿಗೆ ಇನ್ನೂ ಇಪ್ಪತ್ತೆರಡರ ಆಸುಪಾಸು. ಮುಂದೆ ಲಂಡನ್ನಿನಲ್ಲಿ ಅದೇ ಮಿಷನರಿ ಸಂಘದ ಕಾರ್ಯದರ್ಶಿಗಳಲ್ಲಿ ಒಬ್ಬರಾದರು, 1866ರಲ್ಲಿ ವೆಸ್ಲಿಯನ್ ಮೆಥಡಿಸ್ಟ್ ಕಾನ್ಫರೆನ್ಸಿನ ಅಧ್ಯಕ್ಷರಾದರು. ಗುಬ್ಬಿಯ ಕೆಲಸವನ್ನು ಬೇರೆಯವರು ಮುಂದುವರಿಸಿದರು.

ಪ್ರವಾದಿ ಎಲೀಯನ ಪ್ರಸಂಗ ಇನ್ನೂ ಸೂಕ್ಷ್ಮ. ಸಾಕು, ಪ್ರಾಣ ತೆಗೆದುಬಿಡು ಎಂದು ಮಲಗಿದವನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು. ಬತ್ತಿಹೋದವರಿಗೆ ಮೊದಲ ಔಷಧಿ ಇದೇ. ಉಪವಾಸ ಪ್ರಾರ್ಥನೆ ಹೇರಬೇಡಿ. ಆಮೇಲೆ ಮೂರು ಕೆಲಸ: ಹಜಾಯೇಲನನ್ನು, ಯೇಹುವನ್ನು, ಎಲೀಷನನ್ನು ಅಭಿಷೇಕಿಸುವುದು (1 ಅರಸುಗಳು 19:15–16). ಎಲೀಯ ತನ್ನ ಕೈಯಾರೆ ಮಾಡಿದ್ದು ಒಂದೇ, ಎಲೀಷನ ಮೇಲೆ ಕಂಬಳಿ ಹಾಕಿದ್ದು. ಹಜಾಯೇಲನಿಗೆ ಅರಸನಾಗುವೆ ಎಂದು ತಿಳಿಸಿದ್ದು ಎಲೀಷ (2 ಅರಸುಗಳು 8). ಯೇಹುವನ್ನು ಅಭಿಷೇಕಿಸಿದ್ದು ಎಲೀಷ ಕಳುಹಿಸಿದ ಒಬ್ಬ ಯೌವನಸ್ಥ ಪ್ರವಾದಿ (2 ಅರಸುಗಳು 9). ಮೂರರಲ್ಲಿ ಎರಡು ಉಳಿದರೂ ಎಲೀಯನನ್ನು ದೇವರು ತಪ್ಪಿತಸ್ಥನೆನ್ನಲಿಲ್ಲ, ಅಗ್ನಿರಥ ಕಳುಹಿಸಿದನು. ಮಾಡಿದ ಆ ಒಂದು ಕೆಲಸ ಯಾವುದೆಂದು ನೋಡಿ: ಮುಂದಿನವನನ್ನು ಕರೆದದ್ದು.

ತಿಪಟೂರು ತೆಂಗು

ಈ ಮೂರು ಕೆಲಸಗಳನ್ನು ಹೀಗೆ ಜೋಡಿಸಿ ಓದಿರಲಿಲ್ಲ. ಇದಕ್ಕೆ ಮತ್ತಾಯ 25ನ್ನೂ ಸೇರಿಸಬಹುದು. ಧಣಿ ಕೊಟ್ಟ ಹಣದಿಂದ ಐದು ತಲಾಂತು (ಹಣದ ಅಳತೆ) ಸಂಪಾದಿಸಿದವನಿಗೂ ಎರಡು ಸಂಪಾದಿಸಿದವನಿಗೂ ಧಣಿ ಹೇಳಿದ ಮಾತು 21 ಮತ್ತು 23ನೇ ವಚನಗಳಲ್ಲಿ ಒಂದೇ, ಅಕ್ಷರವೂ ಹೆಚ್ಚು ಕಡಿಮೆಯಿಲ್ಲ. ವಾರ್ಷಿಕ ವರದಿಯಲ್ಲಿ ದೊಡ್ಡ ಸಭೆ, ಚಿಕ್ಕ ಸಭೆ ಎಂದು ಸಂಖ್ಯೆಯಿಂದ ತೂಗುವವರು ಇದನ್ನು ಓದಬೇಕು.

ಲೆಕ್ಕದ ಪುಸ್ತಕ

ಹಣದ ಬಗ್ಗೆ ಕೊನೆಗೆ ಬರೆಯೋಣವೆಂದು ಕಾದಿದ್ದೆ. ಒಳ್ಳೆಯ ಸೇವೆಯ ಹೆಸರು ಕೊನೆಯಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ, ಅದೂ ಕದ್ದದ್ದರಿಂದಲ್ಲ, ಬರೆದಿಡದ್ದರಿಂದ.

2 ಕೊರಿಂಥ 8:20–21ರಲ್ಲಿ ಪೌಲ, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಲು ನೋಡಿಕೊಳ್ಳುತ್ತೇವೆ ಎನ್ನುತ್ತಾನೆ. ಹಣದ ಜೊತೆ ಒಬ್ಬನನ್ನಲ್ಲ, ಹಲವರನ್ನು ಕಳುಹಿಸುತ್ತಾನೆ. ಅದೇ ಅಧ್ಯಾಯದ 11ನೇ ವಚನದಲ್ಲಿ, ಮನಸ್ಸು ಮಾಡಿ ಶುರು ಮಾಡಿದ್ದನ್ನು ಈಗ ಮುಗಿಸಿರಿ ಎಂದೂ ಹೇಳುತ್ತಾನೆ.

ಸೇವೆ ಬಿಟ್ಟುಕೊಡುವ ದಿನ ರಸೀದಿ ಪುಸ್ತಕದ ಕೊನೆಯ ನಂಬರಿನ ಕೆಳಗೆ ಗೆರೆ ಎಳೆದು ಇಬ್ಬರೂ ಸಹಿ ಹಾಕಿ. ಉಳಿದ ಖಾಲಿ ರಸೀದಿ ಎಷ್ಟೆಂದು ಎಣಿಸಿ ಬರೆಯಿರಿ. ಕೈಯಲ್ಲಿರುವ ನಗದು ಎಣಿಸಿ, ಪಾಸ್‌ಬುಕ್ ಅಂದೇ ಎಂಟ್ರಿ ಹಾಕಿಸಿ, ಎರಡೂ ಸೇರಿದ ಮೊತ್ತ ನಗದು ಪುಸ್ತಕಕ್ಕೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಹಾಗೇ ಬರೆದು ಕಮಿಟಿಗೆ ಕೊಡಿ. ಜೇಬಿನಿಂದ ತುಂಬಿಸಿ ಸರಿಮಾಡಿದರೆ ಮುಂದಿನ ವರ್ಷ ಅದೇ ತಪ್ಪು ಮತ್ತೆ ಹುಟ್ಟುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಬ್ಯಾಂಕಿನಲ್ಲಿ ಸಹಿದಾರರ ಬದಲಾವಣೆಗೆ ಕಮಿಟಿಯ ನಿರ್ಣಯದ ಪ್ರತಿ, ಹೊಸಬರ ಗುರುತಿನ ದಾಖಲೆ ಬೇಕು. ಇದನ್ನು ಮುಂದೂಡಿದರೆ ಊರು ಬಿಟ್ಟವರ ಸಹಿಗಾಗಿ ಬಸ್ಸು ಹತ್ತಬೇಕಾಗುತ್ತದೆ.

ಬಂಗಾರಪೇಟೆ ಯುವಜನ

ಅಣ್ಣ, ಹಳ್ಳಿಯಲ್ಲಿ ಪ್ರಾರ್ಥನಾ ಮಂದಿರ ಕಟ್ಟಲೆಂದು ಕೂಡಿಸಿದ ಹಣ ಸ್ವಲ್ಪ ಇದೆ, ಕಟ್ಟಡ ಆಗುವ ಹಾಗೆ ಕಾಣುವುದಿಲ್ಲ. ಯುವಜನ ಕೂಟದ ಶಿಬಿರಕ್ಕೆ ಬಳಸಬಹುದೇ?

ಲೆಕ್ಕದ ಪುಸ್ತಕ

ಹಾಗೇ ಬಳಸುವಂತಿಲ್ಲ ತಮ್ಮಾ. ಒಂದು ಉದ್ದೇಶಕ್ಕೆ ಕೊಟ್ಟ ಹಣ ಆ ಉದ್ದೇಶಕ್ಕೇ ಸೇರಿದ್ದು. ರಸೀದಿ ಪ್ರತಿಗಳಿಂದ ಕೊಟ್ಟವರ ಪಟ್ಟಿ ಮಾಡಿ. ಪ್ರತಿಯೊಬ್ಬರಿಗೂ ಫೋನ್ ಮಾಡಿ ಕಟ್ಟಡ ನಿಂತ ಕಾರಣ ಹೇಳಿ, ಹಣ ವಾಪಸು ಬೇಕೇ, ಬೇರೆ ಕೆಲಸಕ್ಕೆ ಒಪ್ಪಿಗೆಯೇ ಎಂದು ಕೇಳಿ, ಉತ್ತರವನ್ನು ಹೆಸರಿನ ಮುಂದೆ ಬರೆಯಿರಿ. ವಾಪಸು ಕೇಳಿದವರಿಗೆ ಚೆಕ್ಕಿನಲ್ಲೇ ಕೊಡಿ, ರಸೀದಿ ಪಡೆಯಿರಿ. ಸಂಪರ್ಕಕ್ಕೆ ಸಿಗದವರ ಹಣವನ್ನು ಸಾಧ್ಯವಾದಷ್ಟು ಅದೇ ಉದ್ದೇಶಕ್ಕೆ ಹತ್ತಿರವಾದ ಕೆಲಸಕ್ಕೆ, ಅಂದರೆ ಪಕ್ಕದ ಹಳ್ಳಿಯ ಮಂದಿರದ ರಿಪೇರಿಗೋ ಚಾವಣಿಗೋ, ಕಮಿಟಿಯ ನಿರ್ಣಯದ ಮೇಲೆ ಕೊಡಿ. ನಿರ್ಣಯದಲ್ಲಿ ಮೊತ್ತ, ಕಾರಣ, ತಾರೀಖು ಇರಲಿ. ಭಾನುವಾರ ಆರಾಧನೆಯಲ್ಲಿ ಓದಿ ಹೇಳಿ, ನೋಟೀಸು ಫಲಕಕ್ಕೂ ಅಂಟಿಸಿ. ಖಾತೆ ಮುಚ್ಚುವಾಗ ಉಳಿದ ಚೆಕ್ ಹಾಳೆಗಳನ್ನು ಬ್ಯಾಂಕಿಗೆ ಒಪ್ಪಿಸಿ, ಮುಚ್ಚಿದ್ದಕ್ಕೆ ಪತ್ರ ಬರೆಸಿಕೊಂಡು ಪಾಸ್‌ಬುಕ್ಕಿನ ಜೊತೆ ಸಭೆಯ ಕಡತದಲ್ಲಿ ಇಡಿ, ಯಾರ ಮನೆಯಲ್ಲೂ ಅಲ್ಲ.